ಎದೆ ಒಂದೇ, ಅನುಮತಿ ಎರಡೇಕೆ?

ಮಾನ್ಯ ಆರೋಗ್ಯ ಸಚಿವರಿಗೆ,

ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳಿಗೆ ಸರ್ಕಾರಿ ಯೋಜನೆಯಲ್ಲಿ ಸ್ಟೆಂಟೂ (ನಾಳವನ್ನು ತೆರೆದಿಡುವ ಲೋಹದ ಜಾಲರಿ) ಉಂಟು, ತೆರೆದ ಹೃದಯದ ಆಪರೇಷನ್ನೂ ಉಂಟು. ಎರಡನ್ನೂ ಒಂದೇ ಟೇಬಲ್ಲಿನ ಮೇಲೆ ಮಾಡುತ್ತೇವೆ ಅಂದರೆ ಮಾತ್ರ ಕಡತ ಮಲಗುತ್ತದೆ. ಎರಡಕ್ಕೂ ಬೇರೆ ಬೇರೆ ಅನುಮತಿ ಕೇಳುವುದು ತಮಗೆ ಗೊತ್ತಿರುವಂಥದ್ದೇ.

ಸೋಮವಾರಪೇಟೆ ಕಡೆಯ, ತೋಟದ ಲೈನ್‌ಮನೆಯ ಮಗು. ಟೆಟ್ರಾಲಜಿ ಆಫ್ ಫಾಲೋ, ಅಂದರೆ ಹೃದಯದಲ್ಲಿ ಹುಟ್ಟಿನಿಂದಲೇ ನಾಲ್ಕು ದೋಷ; ಜೊತೆಗೆ ಎಡ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ತೀರಾ ಸಣ್ಣ. ಕಡತ ವಾಪಸ್ ಬಂತು: "ಸ್ಟೆಂಟ್ ಒಂದು ವಿಭಾಗದ್ದು, ಆಪರೇಷನ್ ಇನ್ನೊಂದು ವಿಭಾಗದ್ದು. ಎರಡಕ್ಕೂ ಒಂದೇ ದಿನಾಂಕ ಹೇಗೆ? ಸ್ಪಷ್ಟೀಕರಣ ನೀಡಿ." ಸ್ಪಷ್ಟೀಕರಣ ಇಷ್ಟೇ ಸ್ವಾಮಿ, ಮಗುವಿಗೆ ಎದೆ ಇರುವುದು ಒಂದೇ.

ದೊಡ್ಡವರ ಹೃದಯದ ನಾಳಕ್ಕೆ ಹಾಕುವ 3-4 ಮಿ.ಮೀ.ನ ಕೊರೊನರಿ ಸ್ಟೆಂಟ್ ಆ ಜಾಗಕ್ಕೆ ಆಗದು, ಮಗು ಬೆಳೆದಂತೆ ಅದು ಹಿಗ್ಗುವುದಿಲ್ಲ. ಮುಂದೆ ಬಲೂನಿನಿಂದ 15 ಮಿ.ಮೀ. ದಾಟಿಸಬಲ್ಲ ಸ್ಟೆಂಟೇ ಬೇಕು. ಅದನ್ನು ಒಯ್ಯುವ ಕೊಳವೆ ದಪ್ಪ. 6-7 ಕೆ.ಜಿ. ಮಗುವಿನ ತೊಡೆಸಂದಿಯಲ್ಲಿ ತೂರಿಸಿದರೆ ಅಲ್ಲಿನ ನಾಳ ಹರಿಯಬಹುದು, ಇಲ್ಲವೇ ಹೆಪ್ಪುಗಟ್ಟಿ ಮುಚ್ಚಬಹುದು. ಎದೆ ತೆರೆದಾಗ ಶ್ವಾಸಕೋಶದ ಆ ಸಣ್ಣ ನಾಳವೇ ಸರ್ಜನ್ ಕಣ್ಣೆದುರಿಗಿರುತ್ತದೆ. ಮೊದಲೇ ಸಿ.ಟಿ.ಯಲ್ಲಿ ಉದ್ದ ಅಳೆದುಕೊಂಡಿದ್ದರೆ ಆಯಿತು; ಅಳತೆ ತಪ್ಪಿ ಸ್ಟೆಂಟ್ ಒಳಗೆ ಹೋದರೆ ಮೇಲಿನ ಕವಲು ಮುಚ್ಚುತ್ತದೆ, ಹೊರಗುಳಿದರೆ ಮುಖ್ಯ ನಾಳದೊಳಗೆ ಚಾಚಿಕೊಳ್ಳುತ್ತದೆ.

"ಬೇರೆ ದಿನ ಮಾಡಿ" ಎನ್ನುವುದು ಸುಲಭ. ಆಪರೇಷನ್ನಿನ ಹಸಿ ಹೊಲಿಗೆಯ ಮೇಲೆ ಬಲೂನ್ ಉಬ್ಬಿಸಿದರೆ ಹರಿಯುವ ಭಯ, ಹಾಗಾಗಿ ಸುಮಾರು 6 ವಾರ ಕಾಯುವುದು ವಾಡಿಕೆ. ಅಷ್ಟೂ ದಿನ, ಶ್ವಾಸಕೋಶಕ್ಕೆ ರಕ್ತ ದೂಡುವ ಬಲ ಹೃತ್ಕುಕ್ಷಿ ಆ ಇಕ್ಕಟ್ಟಿನ ವಿರುದ್ಧ ದೂಡುತ್ತಲೇ ಇರಬೇಕು. ಮನೆಯವರು ಮಳೆಯಲ್ಲಿ ಕೂಲಿ ಬಿಟ್ಟು ಮತ್ತೊಮ್ಮೆ ಘಟ್ಟ ಇಳಿಯಬೇಕು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ.

ಎಡ ಹೃದಯ ಬೆಳೆಯದ ನವಜಾತ ಶಿಶುವಿನ ಪಾಡು ಇನ್ನೂ ಕಷ್ಟ. ಶ್ವಾಸಕೋಶದ ಎರಡೂ ನಾಳಗಳಿಗೆ ಪಟ್ಟಿ ಬಿಗಿಯಬೇಕು, ಡಕ್ಟಸ್ಸಿಗೆ (ಹುಟ್ಟಿದ ಮೇಲೆ ತಾನೇ ಮುಚ್ಚುವ, ಶ್ವಾಸಕೋಶದ ನಾಳದಿಂದ ಮಹಾಧಮನಿಗೆ ಹೋಗುವ ನಾಳ) ಸ್ಟೆಂಟ್ ಹಾಕಬೇಕು. ಸ್ಟೆಂಟ್ ಮಾತ್ರ ಹಾಕಿದರೆ ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತದೆ. ಪಟ್ಟಿ ಮಾತ್ರ ಕಟ್ಟಿದರೆ ಡಕ್ಟಸ್ ಮುಚ್ಚದಂತೆ ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಓಡುತ್ತಿರಬೇಕು, ಆ ಔಷಧಿಯೋ ಉಸಿರನ್ನೇ ನಿಲ್ಲಿಸಬಲ್ಲದು. ಇದರಲ್ಲಿ ಯಾವ ಅರ್ಧವನ್ನು ಮೊದಲು ಮಂಜೂರು ಮಾಡುತ್ತೀರಿ?

ಒಂದೇ ಅರ್ಜಿ, ಒಂದೇ ಅನುಮತಿ. ಸ್ಟೆಂಟು, ಆಪರೇಷನ್ನು ಎರಡೂ ಅದರಲ್ಲೇ ಇರಲಿ. ಹಿಂದಿನ ಮೂರು ಮನವಿಗಳಲ್ಲೂ ಇದನ್ನೇ ಕೇಳಿದ್ದೆವು, ಮೂರಕ್ಕೂ ಸ್ವೀಕೃತಿ ಮೊಹರು ಬಿದ್ದಿದೆ. ಈ ಸಲ ಮೊಹರು ಬೇಡ, ಆದೇಶ ಕೊಡಿ.

ಇಂತಿ,
ಕೊಡಗಿನ ನಾಗರಿಕರು