ಅಮಾವಾಸ್ಯೆಯ ಕಡಲು, ಕೆರೆಯೂರಿನ ನಾವು

ಮಾನ್ಯರೆ,

ಪಿತೃಪಕ್ಷ ಹತ್ತಿರ ಬಂತು. ನಮ್ಮ ಬಾಣಾವರ, ಅರಸೀಕೆರೆ ಕಡೆಯಿಂದ ಗೋಕರ್ಣಕ್ಕೆ ಗಾಡಿ ಮಾಡಿಕೊಂಡು ಹೊರಡುವ ಕಾಲ. ದಾರಿಯೂ ಸಲೀಸು. ಊರ ಮುಂದಿನ ಹೆದ್ದಾರಿಯೇ ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ ಮುಟ್ಟುತ್ತದೆ. ಅಲ್ಲಿಂದ ಕುಮಟಾ ಕಳೆದು ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಆಯಿತು. ರಾತ್ರಿ ಉಂಡು ಹೊರಟರೆ ಬೆಳಗಿನ ಜಾವ ಕಡಲ ಮುಂದೆ ನಿಂತಿರುತ್ತೇವೆ. ಹಾಗೆ ನಿಲ್ಲಲಿರುವವರಿಗಾಗಿ ಈ ಪತ್ರ.

ಕಳೆದ ಮಹಾಲಯ ಅಮಾವಾಸ್ಯೆಗೆ ನಮ್ಮ ತಂದೆಯವರ ಕಾರ್ಯಕ್ಕೆಂದು ಮನೆಮಂದಿ 12 ಜನ ಹೋಗಿದ್ದೆವು. ಗೋಕರ್ಣದಲ್ಲಿ ಮೊದಲು ಸಮುದ್ರಸ್ನಾನ, ಆಮೇಲೆ ಕೋಟಿತೀರ್ಥ, ಮಹಾಗಣಪತಿಯ ದರ್ಶನ, ಕೊನೆಗೆ ಮಹಾಬಲೇಶ್ವರ ಎಂಬ ಕ್ರಮ ಇದೆ. ದೇವಸ್ಥಾನದಿಂದ ಕಡಲಿಗೆ ನಾಲ್ಕು ಹೆಜ್ಜೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಎರಡೂ ಪಕ್ಕದಲ್ಲಿ ಅಲೆ ಬೆಳ್ಳಗೆ ಒಡೆಯುತ್ತಿತ್ತು. ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ನೀರು ಕಪ್ಪಗೆ, ತಣ್ಣಗೆ ಇತ್ತು. 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳೀರಿ' ಎಂದವಳು ನಾನೇ.

ತಮ್ಮನ ಮಗ ಹತ್ತನೇ ತರಗತಿ. ತೋಟದ ಬಾವಿಯಲ್ಲಿ ಈಜು ಕಲಿತವನು, ಊರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜಿದವನು. ಸೊಂಟದ ನೀರಿನಲ್ಲಿ ಎರಡು ಮುಳುಗು ಹಾಕಿ ಮೂರನೆಯದಕ್ಕೆ ಎದ್ದಾಗ ನಮ್ಮಿಂದ ಅಷ್ಟು ದೂರದಲ್ಲಿದ್ದ. ನಮ್ಮ ಕಡೆಗೇ ಈಜುತ್ತಿದ್ದಾನೆ, ಆದರೆ ದೂರವೇ ಆಗುತ್ತಿದ್ದಾನೆ. ತಮ್ಮ ಉಟ್ಟ ಪಂಚೆಯಲ್ಲೇ ನುಗ್ಗಿದ. ಬಲೆಯ ಕೆಲಸಕ್ಕೆ ಬಂದಿದ್ದ ಇಬ್ಬರು ಮೀನುಗಾರರು ಓಡಿಬಂದು ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡರು. ಅವರಲ್ಲಿ ಹಿರಿಯರು ಹೇಳಿದ್ದು ಇಷ್ಟೇ: 'ಅಮಾಸೆ ನೀರಲ್ವಾ ಅಮ್ಮಾ, ಇವತ್ತು ಜೋರಿರ್ತದೆ.' ಹುಡುಗ ನಡುಗುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: 'ಅತ್ತೆ, ಕಾಲ ಕೆಳಗಿದ್ದ ಮರಳೇ ಹೊರಟೋಯ್ತು.'

30 ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರು ಭೂಮಿಯೊಡನೆ ಒಂದೇ ಸಾಲಿಗೆ ಬರುವುದರಿಂದ ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದವಳು. ಆ ಚಿತ್ರವನ್ನೂ ನಾವು ಪಿತೃಕಾರ್ಯಕ್ಕೆ ಹೊರಡುವ ದಿನವನ್ನೂ ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ. ಮಹಾಲಯ ಬೀಳುವುದೇ ಅಮಾವಾಸ್ಯೆಗೆ, ಅದೂ ಮಳೆಗಾಲದ ಬಾಲದಲ್ಲಿ. ಶಿವರಾತ್ರಿ ಚತುರ್ದಶಿ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ. ನಾವು ಗೋಕರ್ಣಕ್ಕೆ ಹೆಚ್ಚಾಗಿ ಹೋಗುವ ಎರಡೂ ಹೊತ್ತು ಕಡಲು ತುಂಬಿ ಎಳೆಯುವ ಹೊತ್ತು.

ನಾನು ತೋರಿಸಿದ ಆ ಕಪ್ಪು ಪಟ್ಟಿ, ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ಕಡಲಿಗೆ ವಾಪಸು ಹರಿಯುವ ಓಣಿ. ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಕರಾವಳಿಯವರು ಸೆಳೆತ ಎನ್ನುವುದು ಇದನ್ನೇ. ಅದು ಆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಎದುರಿಸಿ ನೇರ ದಡಕ್ಕೆ ಈಜಿದರೆ ಎಂಥ ಈಜುಗಾರನೂ ಸೋಲುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಬೇಕು. ದಡದಲ್ಲಿದ್ದವರು ನಮ್ಮ ತಮ್ಮನಂತೆ ನುಗ್ಗದೆ ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು. ಕೆರೆಯ ಈಜು ಬೇರೆ, ಕಡಲಿನದು ಬೇರೆ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾದರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಆ ಸುದ್ದಿ ಓದಿ ಅತ್ತಿದ್ದೆ, ಆದರೂ ಮರುಯೋಚನೆ ಇಲ್ಲದೆ ಮನೆಯ ಮಗುವನ್ನು ನೀರಿಗಿಳಿಸಿದೆ.

ಜಿಲ್ಲೆಯಲ್ಲಿ ಯಾತ್ರೆ ಕರೆದೊಯ್ಯುವವರಲ್ಲಿ, ಡಿಸೆಂಬರಿನ ಶಾಲಾ ಪ್ರವಾಸಕ್ಕೆ ಈಗಲೇ ದುಡ್ಡು ಕೂಡಿಸುತ್ತಿರುವ ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ. ಗಾಡಿ ಹತ್ತಿಸುವ ಮೊದಲೇ ಇದನ್ನು ಹೇಳಿ. ಬೆಳಕಾಗುವವರೆಗೆ ನೀರಿಗಿಳಿಸಬೇಡಿ, ಇಳಿಯುವ ಮುನ್ನ ಅಲ್ಲಿಯ ಮೀನುಗಾರರನ್ನು ಒಂದು ಮಾತು ಕೇಳಿ. ಮೊಣಕಾಲುದ್ದದ ನೀರಿನಲ್ಲಿ ನಿಂತು ತಲೆಗೆ ಸುರಿದುಕೊಂಡರೂ ಅದು ಸಮುದ್ರಸ್ನಾನವೇ. ಸಂಕಲ್ಪಕ್ಕೆ ಕುಂದಿಲ್ಲ ಎಂದು ನಮಗೆ ಕಾರ್ಯ ಮಾಡಿಸಿದ ಪುರೋಹಿತರೇ ಹೇಳಿದರು.

ಈ ಸಲವೂ ಹೋಗುತ್ತಿದ್ದೇವೆ. ಹುಡುಗನೂ ಬರುತ್ತೇನೆ ಎಂದಿದ್ದಾನೆ. ಅಟ್ಟದ ಮೇಲಿದ್ದ ಅಪ್ಪನ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ ಇಟ್ಟಿದ್ದೇನೆ.

– ನಿವೃತ್ತ ಶಿಕ್ಷಕಿ, ಬಾಣಾವರ, ಅರಸೀಕೆರೆ ತಾಲ್ಲೂಕು