ಈ ವಾರ ಕೇಳುವುದು: ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಅವರ ಆಲ್ಬಂ ‘ವಿ ಇನ್ಸಿಸ್ಟ್!’ (1960)

ಎಲ್ಲರಿಗೂ ನಮಸ್ಕಾರ. ಐದೇ ಟ್ರ್ಯಾಕ್, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ದಯವಿಟ್ಟು ಶಫಲ್ ಆಫ್ ಮಾಡಿ. ಅಮೆರಿಕದ ಗುಲಾಮಗಿರಿಯಿಂದ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ವರೆಗೆ ಸಾಗುವ ಕ್ರಮ ತಪ್ಪಿದರೆ ಅರ್ಥವೇ ಕೆಡುತ್ತದೆ.

ವಾಲ್ಯೂಮನ್ನು ಮೂರನೇ ಟ್ರ್ಯಾಕ್ ‘ಟ್ರಿಪ್ಟಿಕ್’ ಹಾಕಿ ಮೊದಲೇ ಹೊಂದಿಸಿಕೊಳ್ಳಿ. ಅದರಲ್ಲಿರುವುದು ಆಬಿ ಲಿಂಕನ್ ಕಂಠ, ರೋಚ್ ಡ್ರಮ್ಸ್, ಇಷ್ಟೇ. ಮಾತೇ ಇಲ್ಲ. ನಡುವಿನ ಭಾಗದಲ್ಲಿ ಆಕೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಿರುಚುತ್ತಾರೆ. ಮೆಲ್ಲನೆಯ ಆರಂಭಕ್ಕೆ ತಕ್ಕಂತೆ ಸೌಂಡ್ ಏರಿಸಿಟ್ಟವರು ಅಲ್ಲಿ ಇಯರ್‌ಫೋನ್ ಕಿತ್ತೆಸೆಯುವುದು ಖಂಡಿತ!

ಮೊದಲನೆಯದು ‘ಡ್ರೈವಾ ಮ್ಯಾನ್’, ಗುಲಾಮರನ್ನು ದುಡಿಸುವ ತೋಟದ ಮೇಸ್ತ್ರಿಯ ಮೇಲಿನ ಹಾಡು. ಐದರ ಲಯ. ನಾಲ್ಕಕ್ಕೆ ಕಾಲು ಕುಣಿಸಿದರೆ ಎರಡನೇ ಸುತ್ತಿಗೇ ತಪ್ಪುತ್ತೀರಿ. ಕರ್ನಾಟಕ ಸಂಗೀತದ ಐದೆಣಿಕೆಯ ತಾಳ ಖಂಡ ಚಾಪು ಗೊತ್ತಿದ್ದರೆ ಐದು ಎಣಿಸುವುದು ಕಷ್ಟವಲ್ಲ, ಆದರೆ ‘ತಕ ತಕಿಟ’ದ ಎರಡು-ಮೂರರ ಒಡಕನ್ನು ಇಲ್ಲಿ ಹುಡುಕಬೇಡಿ. ಪ್ರತಿ ಐದರ ಮೊದಲ ಎಣಿಕೆಗೆ ಚಟ್ಟನೆ ಬೀಳುವ ಡ್ರಮ್ ಪೆಟ್ಟನ್ನೇ ಹಿಡಿದುಕೊಳ್ಳಿ, ಅದೇ ಮೇಸ್ತ್ರಿಯ ಚಾಟಿ. ಕೋಲ್ಮನ್ ಹಾಕಿನ್ಸ್ ಸ್ಯಾಕ್ಸೊಫೋನ್ ಒಮ್ಮೆ ಕೀಚಲು ಹೊಡೆಯುತ್ತದೆ. ಫೈಲ್ ಕೆಟ್ಟಿಲ್ಲ, ಬೇಕೆಂದೇ ಉಳಿಸಿಕೊಂಡದ್ದು.

‘ಆಲ್ ಆಫ್ರಿಕಾ’ವನ್ನು ಫೋನ್ ಸ್ಪೀಕರಿನಲ್ಲಿ ಕೇಳಬೇಡಿ, ಕೈಯಲ್ಲಿ ಬಾರಿಸುವ ಕಾಂಗಾ ಡ್ರಮ್ಮಿನ ತಳದ ನಾದ ಮಾಯವಾಗಿ ಬರೀ ಟಕಟಕ ಉಳಿಯುತ್ತದೆ. ಲಿಂಕನ್ ಆಫ್ರಿಕಾದ ಒಂದೊಂದು ಜನಾಂಗದ ಹೆಸರು ಹೇಳಿದಂತೆ ನೈಜೀರಿಯಾದ ಬಾಬಾತುಂಡೆ ಒಲಾಟುಂಜಿ ಯೊರುಬಾ ಭಾಷೆಯಲ್ಲಿ ಓಗೊಡುತ್ತಾರೆ.

ಕೊನೆಯ ಟ್ರ್ಯಾಕ್ ‘ಟಿಯರ್ಸ್ ಫಾರ್ ಜೋಹಾನ್ಸ್‌ಬರ್ಗ್’ ಹಿಂದಿರುವುದು 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದಲ್ಲಿ ಪ್ರತಿಭಟಿಸುತ್ತಿದ್ದ ಕಪ್ಪು ಜನರ ಮೇಲೆ ಪೊಲೀಸರು ನಡೆಸಿದ ಶಾರ್ಪ್‌ವಿಲ್ ಗೋಲಿಬಾರ್. ಮತ್ತೆ ಐದರ ಲಯ. ಈ ಸಲ ಡ್ರಮ್ಸ್ ಬಿಟ್ಟು ಬೇಸ್ (ತಗ್ಗು ಸ್ವರದ ತಂತಿವಾದ್ಯ) ಹಿಡಿದು ಎಣಿಸಿ.