ಭಾನುವಾರ ಸಂಜೆ 5ಕ್ಕೆ ಬನ್ನಿ, ಸರ್‌ಗೆ ಮಾತ್ರ ಹೇಳಬೇಡಿ

ಎಲ್ಲರಿಗೂ ಶರಣು. ಸರ್ ಈ ಗುಂಪಿನಲ್ಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಕ್ಕಳ ರೋಬೋಟ್ ತಂಡಕ್ಕೆ ಅವರು ಒಂದು ರೂಪಾಯಿನೂ ತೆಗೆದುಕೊಳ್ಳದೆ ಕಲಿಸುತ್ತಿದ್ದಾರೆ. ಡ್ಯೂಟಿ ಮುಗಿಸಿ, ಟಿಫಿನ್ ಡಬ್ಬಿ ಹಿಡಿದುಕೊಂಡೇ ನೇರ ಶಾಲೆಯ ಲ್ಯಾಬಿಗೆ ಬರುತ್ತಾರೆ. ಅವರಿಗೆ ಒಂದು ಥ್ಯಾಂಕ್ಸ್ ಹೇಳೋಣ ಅಂತ ಭಾನುವಾರ ಸೇರುತ್ತಿದ್ದೇವೆ.

ಒಂದು ಸಂಗತಿ ಹೇಳಲೇಬೇಕು. ಕಪ್ಪು ಗೆರೆ ಹಿಡಿದು ಓಡುವ ರೋಬೋಟ್ ಲ್ಯಾಬಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಅಂಗಳಕ್ಕೆ ತಂದರೆ ಗಿರಗಿರ ಸುತ್ತುತ್ತಿತ್ತು. ಹುಡುಗರು ಕೋಡ್ ಕೆಟ್ಟಿದೆ ಅಂದುಕೊಂಡರು. ಸರ್ ಉತ್ತರ ಹೇಳಲಿಲ್ಲ. "ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಸೆನ್ಸರ್ ರೀಡಿಂಗ್ ಬರಕೊಂಡು ಬರ್ರಿ" ಅಂದರು, ಅಷ್ಟೇ. ಎರಡೇ ದಿನದಲ್ಲಿ ಮಕ್ಕಳೇ ಕಂಡುಹಿಡಿದರು. ಗೆರೆ ಗುರುತಿಸಲು ಸೆನ್ಸರ್ ಇನ್‌ಫ್ರಾರೆಡ್ ಅನ್ನುವ, ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಬಿಸಿಲಿನಲ್ಲೂ ಅದೇ ಬೆಳಕು ಇರುತ್ತದೆ, ಸೆನ್ಸರ್ ಅದನ್ನು ತನ್ನದೇ ಬೆಳಕು ಅಂದುಕೊಂಡು ದಾರಿ ತಪ್ಪುತ್ತದೆ. ನಮ್ಮ ಕಲಬುರಗಿ ಬಿಸಿಲು ಬೇರೆ, ಕೇಳಬೇಕೆ! ಹರಿದ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ ಸೆನ್ಸರ್ ಸುತ್ತ ಅಂಟಿಸಿದ ಮೇಲೆ ಗಾಡಿ ಸರಿ ಓಡಿತು. ನನ್ನ ಮಗಳಿಗೆ ಆವತ್ತು ಊಟಕ್ಕೆ ಕೂತರೂ ಅದೇ ಮಾತು.

ಶಾಲು, ಹಾರ ಬೇಡ. ಅವರಿಗೆ ಸುಮ್ನೆ ಮುಜುಗರ. ಅವರ ಮಲ್ಟಿಮೀಟರ್ (ಕರೆಂಟ್ ಅಳೆಯುವ ಸಾಧನ) ವೈರಿನಲ್ಲಿ ಈಗ ವೈರಿಗಿಂತ ಟೇಪೇ ಜಾಸ್ತಿ, ಹೊಸದೊಂದು ಕೊಡೋಣ. ಮನೆಗೆ 100 ರೂಪಾಯಿ ಸಾಕು. ಶನಿವಾರದೊಳಗೆ ಕೊಡಿ.

ಜಾಗ ಶಾಲೆಯ ಲ್ಯಾಬೇ. ಸುಸಲಾ, ಮಿರ್ಚಿ ಭಜಿ ನಮ್ಮ ಮನೆಯಿಂದ. ಚಹಾ ಯಾರು ತರ್ತೀರಿ, ಇಲ್ಲೇ ಹೇಳಿಬಿಡಿ. ಮಕ್ಕಳ ಬಾಯಿ ಮಾತ್ರ ಸ್ವಲ್ಪ ಹಿಡಿದಿಡಿ!